ಸವೆತ ಮತ್ತು ಉರಿ: ಸೊಂಟದ ಕೀಲಿನ ರೋಗಗಳಲ್ಲಿ ರೋಗನಿರೋಧಕ ವ್ಯವಸ್ಥೆಯ ಪಾತ್ರ — ಜನಪದ ವೈದ್ಯದ ಅಧ್ಯಯನಕ್ಕೊಂದು ಪ್ರವೇಶ

ಪೀಠಿಕೆ

ಕನ್ನಡದಲ್ಲಿ ಜನಪದ ವೈದ್ಯವನ್ನು ಕುರಿತು ನಡೆದ ಕೆಲಸ ಗಣನೀಯವಾದುದು. ಆದರೆ ಅದರ ಬಹುಪಾಲು ಗಿಡಮೂಲಿಕೆಗಳ ಪಟ್ಟಿ, ಚಿಕಿತ್ಸಾಕ್ರಮಗಳ ದಾಖಲಾತಿ ಹಾಗೂ ನಾಟಿ ವೈದ್ಯರ ಪರಿಚಯಗಳಿಗೆ ಸೀಮಿತಗೊಂಡಿದೆ. ರೋಗವನ್ನು ಜನರು ಯಾವ ಮಾತಿನಲ್ಲಿ ಗ್ರಹಿಸುತ್ತಾರೆ, ಆ ಮಾತು ಅವರನ್ನು ಯಾವ ಚಿಕಿತ್ಸೆಯ ಕಡೆಗೆ ಒಯ್ಯುತ್ತದೆ, ಶರೀರದೊಳಗೆ ನಿಜವಾಗಿ ನಡೆಯುವ ವ್ಯಾಪಾರಕ್ಕೂ ಆ ಮಾತಿಗೂ ಇರುವ ದೂರವೆಷ್ಟು ಎಂಬ ಪ್ರಶ್ನೆಗಳನ್ನು ನಾವು ಅಪರೂಪಕ್ಕೆ ಕೇಳಿಕೊಂಡಿದ್ದೇವೆ. ಸೊಂಟದ ಕೀಲಿಗೆ ಬರುವ ಕ್ಷಯಿಸುವ ರೋಗಗಳನ್ನು ಆಧಾರವಾಗಿಟ್ಟುಕೊಂಡು ಈ ಪ್ರಶ್ನೆಗಳನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಈ ವಿಷಯವನ್ನೇ ಆರಿಸಿಕೊಳ್ಳಲು ಎರಡು ಕಾರಣಗಳಿವೆ. ಒಂದು, ಸೊಂಟದ ಮೂಳೆಯ ರೋಗವೊಂದು ಮಲೆನಾಡಿನ ಹಳ್ಳಿಯೊಂದರ ಹೆಸರನ್ನೇ ಪಡೆದು ವೈದ್ಯಗ್ರಂಥಗಳನ್ನು ಸೇರಿದೆ. ಎರಡು, ಮೂಳೆಯ ರೋಗಗಳಲ್ಲಿ ರೋಗನಿರೋಧಕ ವ್ಯವಸ್ಥೆಯ ಪಾತ್ರವನ್ನು ಕುರಿತು ಕಳೆದ ಮೂರು ದಶಕಗಳಲ್ಲಿ ಬೆಳೆದಿರುವ ತಿಳಿವಳಿಕೆ, 'ಸವೆತ' ಎಂದು ನಾವು ಸಾಮಾನ್ಯವಾಗಿ ಕರೆಯುವ ಸಂಗತಿಯ ಅರ್ಥವನ್ನೇ ಬದಲಿಸಿದೆ. ಈ ಬದಲಾವಣೆಯನ್ನು ಅರಿಯದ ಜಾನಪದ ಸಂಶೋಧಕನು ತನ್ನ ಕ್ಷೇತ್ರಕಾರ್ಯದಲ್ಲಿ ಎಡವುವ ಸಂಭವವುಂಟು. ಎಡವಿದವರಲ್ಲಿ ನಾನೂ ಒಬ್ಬನೆಂಬುದನ್ನು ಮುಂದೆ ನಿವೇದಿಸಿಕೊಳ್ಳುತ್ತೇನೆ.

ಕೀಲು ಎಂಬ ಮಾತು

ಕನ್ನಡದಲ್ಲಿ 'ಕೀಲು' ಎಂಬ ಪದ ಮರದ ಗೂಟಕ್ಕೂ ಯಂತ್ರದ ಸಂದಿಗೂ ಶರೀರದ ಸಂದಿಗೂ ಸಮಾನವಾಗಿ ಸಲ್ಲುತ್ತದೆ. ಎತ್ತಿನ ಗಾಡಿಯ ಅಚ್ಚಿಗೆ ಸವರುವ ಜಿಡ್ಡಿಗೆ ಕೀಲೆಣ್ಣೆ ಎಂದು ಹೆಸರು. ಮಂಡಿ ಹಾಗೂ ಸೊಂಟದ ನೋವಿಗೆ ಎಣ್ಣೆ ತಿಕ್ಕುವ ರೂಢಿಯ ಹಿಂದೆ ಈ ಸಾದೃಶ್ಯ ಕೆಲಸ ಮಾಡಿದೆ ಎನಿಸುತ್ತದೆ. ವಯಸ್ಸಾದವರು ತಮ್ಮ ನೋವನ್ನು ವಿವರಿಸುವಾಗ ಕೀಲು ಸವೆದಿದೆ, ಎಣ್ಣೆ ಬತ್ತಿದೆ, ಗಾಡಿ ಹಳೆಯದಾಯಿತು ಎನ್ನುವುದು ನಾಡಿನ ಎಲ್ಲೆಡೆ ಕೇಳಿಬರುವ ಮಾತು. ಆಸ್ಪತ್ರೆಗಳಲ್ಲಿ ವೈದ್ಯರೂ ರೋಗಿಗೆ ತಿಳಿಯಲೆಂದು ಇದೇ ಭಾಷೆಯನ್ನು ಬಳಸುತ್ತಾರೆ.

ಸೊಂಟದ ಕೀಲಿನ ರಚನೆಗೆ ಹಳೆಯ ಒರಳುಕಲ್ಲು ಇನ್ನೂ ಹತ್ತಿರದ ಹೋಲಿಕೆ. ತೊಡೆಯ ಮೂಳೆಯ ಮೇಲ್ತುದಿ ಗುಂಡುಕಲ್ಲಿನಂತೆ ದುಂಡಗಿದ್ದು, ಶ್ರೋಣಿಯ ಮೂಳೆಯಲ್ಲಿರುವ ಬಟ್ಟಲಿನಂತಹ ಗುಳಿಯಲ್ಲಿ ಕುಳಿತು ಸುತ್ತಲೂ ಹೊರಳುತ್ತದೆ. ಎರಡೂ ಮೇಲ್ಮೈಗಳಿಗೆ ನುಣುಪಾದ ಮೃದ್ವಸ್ಥಿಯ ಹೊದಿಕೆ ಇದೆ. ಕೀಲನ್ನು ಸುತ್ತುವರಿದ ಚೀಲದ ಒಳಪೊರೆ ಜಾರು ದ್ರವವನ್ನು ಸ್ರವಿಸುತ್ತದೆ. ಆದರೆ ಹೋಲಿಕೆ ಇಲ್ಲಿಗೆ ಮುಗಿಯುತ್ತದೆ. ಸವೆದ ಒರಳನ್ನು ಕಲ್ಲುಕುಟಿಗನಿಂದ ಉಳಿಪೆಟ್ಟು ಹಾಕಿಸಿ ಮತ್ತೆ ಬಳಸಬಹುದು. ಕಲ್ಲು ತನ್ನನ್ನು ತಾನು ತಿನ್ನುವುದಿಲ್ಲ, ಕಟ್ಟಿಕೊಳ್ಳುವುದೂ ಇಲ್ಲ. ಮೂಳೆ ಈ ಎರಡನ್ನೂ ದಿನವೂ ಮಾಡುತ್ತದೆ.

ಇಷ್ಟಾದರೂ ಜನಭಾಷೆ ಸವೆತವೊಂದನ್ನೇ ಬಲ್ಲದು ಎಂದು ತಿಳಿಯಬಾರದು. ಉರಿ, ಬಾವು, ಸೆಳೆತ, ಬಿಗಿ, ಜೋಮು ಎಂಬ ಪದಗಳನ್ನು ಹಳ್ಳಿಗರು ಬೇರೆಬೇರೆ ಅನುಭವಗಳಿಗೆ ಖಚಿತವಾಗಿ ಬಳಸುತ್ತಾರೆ. ಕ್ಷೇತ್ರಕಾರ್ಯದಲ್ಲಿ ನಾನು ಗಮನಿಸಿದ ಒಂದು ವ್ಯತ್ಯಾಸ ಇಲ್ಲಿ ಉಲ್ಲೇಖನೀಯ. ಬೆಳಗ್ಗೆ ಎದ್ದಾಗ ಸೊಂಟ ಹಿಡಿದುಕೊಂಡು, ಹೊತ್ತೇರಿದಂತೆ ಓಡಾಡಿದರೆ ಸಡಿಲಾಗುವುದನ್ನು ಅವರು 'ಬಿಗಿ' ಎನ್ನುತ್ತಾರೆ. ನಡೆದಷ್ಟೂ ಹೆಚ್ಚಾಗಿ, ಕುಳಿತರೆ ತಗ್ಗುವುದನ್ನು 'ನೋವು' ಎನ್ನುತ್ತಾರೆ. ವೈದ್ಯಶಾಸ್ತ್ರವೂ ಈ ಭೇದಕ್ಕೆ ಬಹಳ ಬೆಲೆ ಕೊಡುತ್ತದೆ. ಬೆಳಗಿನ ಬಿಗಿತ ಅರ್ಧ ತಾಸಿಗಿಂತ ಹೆಚ್ಚು ಕಾಲ ಉಳಿದು, ಚಲನೆಯಿಂದ ಕಡಿಮೆಯಾದರೆ ಅದು ರೋಗನಿರೋಧಕ ವ್ಯವಸ್ಥೆಯೇ ಮುಖ್ಯ ಕಾರಣವಾದ ಉರಿಯೂತದ ರೋಗವಿರಬಹುದೆಂದು ವೈದ್ಯರು ಶಂಕಿಸುತ್ತಾರೆ. ತರುಣರ ಬೆನ್ನೆಲುಬು ಮತ್ತು ಸೊಂಟವನ್ನು ಹಿಡಿಯುವ ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್ ಇಂತಹ ಒಂದು ರೋಗ. ಇದಕ್ಕೂ ಹೆಚ್‍ಎಲ್‍ಎ-ಬಿ27 ಎಂಬ ಆನುವಂಶಿಕ ಗುರುತಿಗೂ ಇರುವ ಸಂಬಂಧ 1973ರಲ್ಲಿ ಪತ್ತೆಯಾಯಿತು. 'ಬಿಗಿ' ಮತ್ತು 'ನೋವು'ಗಳನ್ನು ಒಂದೇ ಶೀರ್ಷಿಕೆಯಡಿ 'ವಾತ' ಎಂದು ಬರೆದುಕೊಳ್ಳುವ ಸಂಗ್ರಾಹಕನು ವಕ್ತೃ ಕೊಟ್ಟ ಅಮೂಲ್ಯ ಮಾಹಿತಿಯನ್ನು ಕಳೆದುಬಿಡುತ್ತಾನೆ.

ಮೂಳೆಗೂ ರೋಗನಿರೋಧಕ ವ್ಯವಸ್ಥೆಗೂ ಇರುವ ನಂಟು

ಇಲಿಯಾ ಮೆಚ್ನಿಕಾಫ್ 1882ರಲ್ಲಿ ನಕ್ಷತ್ರಮೀನಿನ ಮರಿಗೆ ಮುಳ್ಳು ಚುಚ್ಚಿ, ಅದರ ಸುತ್ತ ಚಲಿಸುವ ಕಣಗಳು ಮುತ್ತಿಕೊಳ್ಳುವುದನ್ನು ಕಂಡನು. ಹೊರಗಿನಿಂದ ಬಂದುದನ್ನು ನುಂಗಿ ಜೀರ್ಣಿಸುವ ಈ ಕಣಗಳ ಶೋಧಕ್ಕಾಗಿ 1908ರಲ್ಲಿ ಅವನಿಗೆ ಪಾಲ್ ಎರ್ಲಿಕ್‍ನೊಡನೆ ನೊಬೆಲ್ ಪಾರಿತೋಷಕ ದೊರೆಯಿತು. ಭಕ್ಷಕ ಕಣಗಳೆಂದು ನಾವು ಕರೆಯಬಹುದಾದ ಮ್ಯಾಕ್ರೊಫೇಜ್‍ಗಳು ರೋಗಾಣುಗಳನ್ನು ಮಾತ್ರ ನುಂಗುವುದಿಲ್ಲ. ಸತ್ತ ಜೀವಕೋಶ, ಮುರಿದ ಅಂಗಾಂಶದ ಚೂರು ಮೊದಲಾದ ಮನೆಯ ಕಸವನ್ನೂ ಅವು ಗುಡಿಸುತ್ತವೆ.

ಮೂಳೆಯನ್ನು ಕಟ್ಟುವ ಕೋಶಗಳು ಆಸ್ಟಿಯೋಬ್ಲಾಸ್ಟ್‌ಗಳು; ಕರಗಿಸುವವು ಆಸ್ಟಿಯೋಕ್ಲಾಸ್ಟ್‌ಗಳು. ಕರಗಿಸುವ ಕೋಶಗಳು ಮೂಳೆಯದೇ ಸಂತಾನವಲ್ಲ, ರಕ್ತವನ್ನು ಉತ್ಪಾದಿಸುವ ಮಜ್ಜೆಯಿಂದ ಬಂದವು ಎಂಬುದು 1970ರ ದಶಕದಲ್ಲಿ ಇಲಿಗಳ ಮೇಲೆ ನಡೆದ ಪ್ರಯೋಗಗಳಿಂದ ಸ್ಪಷ್ಟವಾಯಿತು. ಅಂದರೆ ಅವು ಮ್ಯಾಕ್ರೊಫೇಜ್‍ಗಳ ದಾಯಾದಿಗಳು. ಅಂತಹ ಹಲವು ಕಣಗಳು ಒಂದಾಗಿ ಬೆಸೆದು ದೊಡ್ಡ ಕೋಶವಾಗಿ, ಆಮ್ಲವನ್ನು ಸುರಿದು ಮೂಳೆಯ ಖನಿಜವನ್ನೂ ಕಿಣ್ವಗಳಿಂದ ಅದರ ನಾರನ್ನೂ ಕರಗಿಸುತ್ತವೆ.

ಈ ಬೆಸುಗೆಗೆ ಆಜ್ಞೆ ನೀಡುವ ರ್‍ಯಾಂಕ್-ಲಿಗ್ಯಾಂಡ್ ಎಂಬ ಪ್ರೋಟೀನಿನ ಶೋಧ ಸ್ವಾರಸ್ಯಕರ. 1997ರಲ್ಲಿ ರೋಗನಿರೋಧಕಶಾಸ್ತ್ರಜ್ಞರು ಅದನ್ನು ಟಿ-ಕಣಗಳ ಅಧ್ಯಯನದಲ್ಲಿ ಗುರುತಿಸಿದರು. 1998ರಲ್ಲಿ ಮೂಳೆಯ ಸಂಶೋಧಕರು ತಾವು ಹುಡುಕುತ್ತಿದ್ದ ಆಜ್ಞಾವಸ್ತು ಅದೇ ಎಂದು ಕಂಡುಕೊಂಡರು. ಎರಡು ಬೇರೆ ಶಾಸ್ತ್ರಗಳು ಎರಡು ಬಾಗಿಲುಗಳಿಂದ ಒಂದೇ ಕೋಣೆಯನ್ನು ಹೊಕ್ಕಂತಾಯಿತು. 2000ದಲ್ಲಿ 'ಆಸ್ಟಿಯೋಇಮ್ಯುನಾಲಜಿ' ಎಂಬ ಹೆಸರು ಬಳಕೆಗೆ ಬಂದಿತು. ಉರಿಯೂತದಿಂದ ಕೆರಳಿದ ಟಿ-ಕಣಗಳು ಈ ಆಜ್ಞಾವಸ್ತುವನ್ನು ಹೆಚ್ಚಾಗಿ ಹೊರಸೂಸಿದಾಗ, ಕಟ್ಟುವ ಕೆಲಸಕ್ಕಿಂತ ಕರಗಿಸುವ ಕೆಲಸ ಮುಂದಾಗಿ ಕೀಲಿನ ಅಂಚಿನ ಮೂಳೆ ಕೊರೆದುಹೋಗುತ್ತದೆ. ರುಮಟಾಯ್ಡ್ ಸಂಧಿವಾತದಲ್ಲಿ ಕಾಣುವ ಮೂಳೆಯ ನಾಶದ ಹಿಂದೆ ಇರುವುದು ಮುಖ್ಯವಾಗಿ ಈ ಕ್ರಿಯೆ.

ಸವೆತದೊಳಗಿನ ಉರಿ

ರುಮಟಾಯ್ಡ್ ಸಂಧಿವಾತ ರೋಗನಿರೋಧಕ ವ್ಯವಸ್ಥೆಯ ತಪ್ಪಿನಿಂದ ಬರುವುದೆಂಬುದು ಹಳೆಯ ತಿಳಿವಳಿಕೆ. ವಯಸ್ಸಾದವರ ಅಸ್ಥಿಸಂಧಿವಾತವನ್ನು ಮಾತ್ರ ಬಹುಕಾಲ ಕೇವಲ ಸವೆತವೆಂದೇ ತಿಳಿಯಲಾಗಿತ್ತು. ಈಗ ಹಾಗೆ ಹೇಳುವಂತಿಲ್ಲ.

ಮೃದ್ವಸ್ಥಿಗೆ ರಕ್ತನಾಳವೂ ಇಲ್ಲ, ನರವೂ ಇಲ್ಲ. ಅದು ಮೊದಲು ಬಿರುಕುಬಿಟ್ಟಾಗ ರೋಗಿಗೆ ತಿಳಿಯದಿರುವುದಕ್ಕೆ ಇದೇ ಕಾರಣ. ಬಿರುಕಿನಿಂದ ಉದುರಿದ ಸೂಕ್ಷ್ಮ ಚೂರುಗಳು ಕೀಲಿನ ದ್ರವದಲ್ಲಿ ತೇಲಿ ಒಳಪೊರೆಯನ್ನು ಸೇರುತ್ತವೆ. ಅಲ್ಲಿ ನೆಲೆಸಿರುವ ಮ್ಯಾಕ್ರೊಫೇಜ್‍ಗಳು ಅವನ್ನು ಗಾಯದ ಸುಳಿವೆಂದು ಗ್ರಹಿಸಿ ನುಂಗತೊಡಗುತ್ತವೆ. ಜೊತೆಗೆ ಇಂಟರ್‌ಲ್ಯೂಕಿನ್-1, ಟಿಎನ್‍ಎಫ್ ಮೊದಲಾದ ಸಂದೇಶವಸ್ತುಗಳನ್ನು ಹೊರಸೂಸುತ್ತವೆ. ಈ ಸಂದೇಶವನ್ನು ಪಡೆದ ಮೃದ್ವಸ್ಥಿಯ ಕೋಶಗಳು ತಮ್ಮ ಸುತ್ತಲಿನ ನಾರುಗಳನ್ನೇ ಕತ್ತರಿಸುವ ಕಿಣ್ವಗಳನ್ನು ತಯಾರಿಸುತ್ತವೆ. ಇದರಿಂದ ಇನ್ನಷ್ಟು ಚೂರು, ಆ ಚೂರಿನಿಂದ ಇನ್ನಷ್ಟು ಉರಿಯೂತ. ಗುಡಿಸಲು ಬಂದವನೇ ಗೋಡೆಯನ್ನು ಕೆರೆಯತೊಡಗಿದಂತೆ ಈ ಚಕ್ರ ಸುತ್ತುತ್ತದೆ. ರಕ್ತದಲ್ಲಿರುವ ಕಾಂಪ್ಲಿಮೆಂಟ್ ಎಂಬ ರಕ್ಷಕ ಪ್ರೋಟೀನುಗಳ ಸರಣಿಗೂ ಇದರಲ್ಲಿ ಕೇಂದ್ರ ಪಾತ್ರವಿದೆಯೆಂದು 2011ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು. ಆ ಸರಣಿಯ ಕೆಲವು ಪ್ರೋಟೀನುಗಳಿಲ್ಲದ ಇಲಿಗಳಲ್ಲಿ ಕೀಲಿನ ಕ್ಷಯ ಕಡಿಮೆಯಾಗಿತ್ತು.

ಆದುದರಿಂದ ಉರಿಯೂತವನ್ನು ತಡೆದರೆ ಸವೆತ ನಿಲ್ಲುವುದೇ? ಉತ್ತರ ಸರಳವಾಗಿಲ್ಲ. ಟಿಎನ್‍ಎಫ್‍ ತಡೆಯುವ ಔಷಧಿಗಳು ರುಮಟಾಯ್ಡ್ ಸಂಧಿವಾತದ ಚಿಕಿತ್ಸೆಯನ್ನೇ ಬದಲಿಸಿದವು. ಅಸ್ಥಿಸಂಧಿವಾತದಲ್ಲಿ ಅಂತಹ ಗುಣವನ್ನು ತೋರಲಿಲ್ಲ. ಆದರೆ ಹೃದಯಾಘಾತವಾಗಿದ್ದ ಹತ್ತು ಸಾವಿರಕ್ಕೂ ಹೆಚ್ಚು ರೋಗಿಗಳ ಮೇಲೆ ಬೇರೊಂದು ಉದ್ದೇಶದಿಂದ ನಡೆದ ಪರೀಕ್ಷೆಯ ದಾಖಲೆಗಳನ್ನು ಪರಿಶೀಲಿಸಿ 2020ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯಲ್ಲಿ, ಇಂಟರ್‌ಲ್ಯೂಕಿನ್-1 ಬೀಟಾವನ್ನು ತಡೆಯುವ ಔಷಧಿ ಪಡೆದವರಿಗೆ ಸೊಂಟ ಅಥವಾ ಮಂಡಿಯ ಕೀಲುಬದಲಿ ಶಸ್ತ್ರಚಿಕಿತ್ಸೆ ಬೇಕಾದುದು ಗಮನಾರ್ಹವಾಗಿ ಕಡಿಮೆಯೆಂದು ಕಂಡುಬಂದಿತು. ಉರಿ ಸವೆತದ ಫಲ ಮಾತ್ರವಲ್ಲ, ಅದರ ಪಾಲುದಾರನೂ ಹೌದೆಂಬ ವಾದಕ್ಕೆ ಇದು ಬಲ ನೀಡುತ್ತದೆ.

ಕೃತಕ ಕೀಲಿನ ಇತಿಹಾಸವೂ ಇದೇ ಪಾಠವನ್ನು ಕಲಿಸುತ್ತದೆ. ಇಂಗ್ಲೆಂಡಿನ ಜಾನ್ ಚಾರ್ನ್‌ಲಿ 1962ರಲ್ಲಿ ಲೋಹದ ಗುಂಡು ಹಾಗೂ ಪಾಲಿಥಿಲೀನ್ ಬಟ್ಟಲನ್ನು ಬಳಸಿ ಸೊಂಟದ ಕೀಲನ್ನು ಬದಲಿಸುವ ವಿಧಾನವನ್ನು ನೆಲೆಗೊಳಿಸಿದನು. ಹಲವು ವರ್ಷಗಳ ನಂತರ ಕೆಲವರಲ್ಲಿ ಕೃತಕ ಕೀಲು ಸಡಿಲವಾಗತೊಡಗಿತು. ಬಟ್ಟಲಿನಿಂದ ಉದುರಿದ ಪ್ಲಾಸ್ಟಿಕ್ ಕಣಗಳನ್ನು ಮ್ಯಾಕ್ರೊಫೇಜ್‍ಗಳು ನುಂಗುತ್ತಿದ್ದವು, ಜೀರ್ಣಿಸಲಾಗದೆ ಕೆರಳುತ್ತಿದ್ದವು, ಮೂಳೆ ಕರಗಿಸುವ ಕೋಶಗಳನ್ನು ಕರೆಯುತ್ತಿದ್ದವು. ಸವೆದುದು ಪ್ಲಾಸ್ಟಿಕ್, ಕರಗಿದುದು ಪಕ್ಕದ ಜೀವಂತ ಮೂಳೆ. ಯಂತ್ರದ ಸವೆತಕ್ಕೂ ಶರೀರದ ಕ್ಷಯಕ್ಕೂ ಇರುವ ಅಂತರವನ್ನು ಇದಕ್ಕಿಂತ ಸ್ಪಷ್ಟವಾಗಿ ತೋರುವ ನಿದರ್ಶನ ಮತ್ತೊಂದಿಲ್ಲ.

ರಕ್ತ ತಪ್ಪಿದ ಮೂಳೆ ಮತ್ತು ಹೆಸರಿಲ್ಲದ ಪುಡಿ

ತೊಡೆಮೂಳೆಯ ತಲೆಗೆ ರಕ್ತ ಒದಗಿಸುವ ನಾಳಗಳು ಕೆಲವೇ. ಅವು ಕೆಟ್ಟರೆ ಬೇರೆ ದಾರಿ ವಿರಳ. ಪೆಟ್ಟು, ಅತಿಯಾದ ಮದ್ಯಪಾನ, ಕುಡಗೋಲು ಕಣ ರಕ್ತಹೀನತೆ ಹಾಗೂ ಸ್ಟೀರಾಯ್ಡ್ ಔಷಧಿಗಳ ಹೆಚ್ಚಿನ ಸೇವನೆಯಿಂದ ಅಲ್ಲಿಯ ಮೂಳೆ ರಕ್ತವಿಲ್ಲದೆ ಸಾಯಬಹುದು. ಸತ್ತ ಮೂಳೆ ಕೂಡಲೇ ಕುಸಿಯುವುದಿಲ್ಲ. ಅದನ್ನು ತೆರವುಗೊಳಿಸಲು ಬರುವ ಮ್ಯಾಕ್ರೊಫೇಜ್ ಹಾಗೂ ಆಸ್ಟಿಯೋಕ್ಲಾಸ್ಟ್‌ಗಳು ಹಳೆಯ ತೊಲೆಗಳನ್ನು ಕೀಳುವ ವೇಗದಲ್ಲಿ ಹೊಸ ತೊಲೆ ಏರುವುದಿಲ್ಲ. ದುರಸ್ತಿಯ ನಡುವೆಯೇ ಮಾಡು ಕುಸಿಯುತ್ತದೆ. ಆರಂಭದಲ್ಲಿ ಎಕ್ಸ್-ರೇ ಚಿತ್ರದಲ್ಲಿ ಏನೂ ಕಾಣದಿರಬಹುದು; ಎಂ.ಆರ್.ಐ. ಪರೀಕ್ಷೆಯಿಂದ ಮಾತ್ರ ಬೇಗ ತಿಳಿಯುತ್ತದೆ.

ಸ್ಟೀರಾಯ್ಡ್‌ಗಳ ವಿಷಯವನ್ನು ಜಾನಪದ ಸಂಶೋಧಕರು ವಿಶೇಷವಾಗಿ ಗಮನಿಸಬೇಕು. 1948ರಲ್ಲಿ ಫಿಲಿಪ್ ಹೆಂಚ್ ರುಮಟಾಯ್ಡ್ ಸಂಧಿವಾತದ ರೋಗಿಗೆ ಕಾರ್ಟಿಸೋನ್ ನೀಡಿದಾಗ ದಿನಗಳಲ್ಲಿಯೇ ಕಂಡ ಗುಣ ಜಗತ್ತನ್ನು ಬೆರಗುಗೊಳಿಸಿತು. 1950ರಲ್ಲಿ ಆ ಶೋಧಕ್ಕೆ ನೊಬೆಲ್ ಪಾರಿತೋಷಕ ಸಂದಿತು. ರೋಗನಿರೋಧಕ ವ್ಯವಸ್ಥೆಯ ಆರ್ಭಟವನ್ನು ತಗ್ಗಿಸುವ ಈ ಔಷಧಿ ಸರಿಯಾದ ಪ್ರಮಾಣದಲ್ಲಿ, ಸರಿಯಾದ ರೋಗದಲ್ಲಿ ಪ್ರಾಣರಕ್ಷಕ. ಆದರೆ ಬೇಗ ನೋವು ಇಳಿಸುವ ಇದರ ಗುಣವೇ ದುರ್ಬಳಕೆಗೂ ದಾರಿಮಾಡಿದೆ. ಗಿಡಮೂಲಿಕೆಯೆಂದು ಮಾರಲಾಗುವ ಕೀಲುನೋವಿನ ಪುಡಿಗಳಲ್ಲಿ ಸ್ಟೀರಾಯ್ಡ್ ಬೆರಕೆ ಪತ್ತೆಯಾದ ಪ್ರಕರಣಗಳು ನಮ್ಮ ದೇಶದ ವೈದ್ಯಪತ್ರಿಕೆಗಳಲ್ಲಿ ವರದಿಯಾಗಿವೆ.

ಇಲ್ಲಿ ನನ್ನದೇ ತಪ್ಪನ್ನು ಹೇಳಬೇಕು. ಪಿಎಚ್.ಡಿ. ಅಧ್ಯಯನದ ಕಾಲದಲ್ಲಿ ಸಂತೆಯೊಂದರಲ್ಲಿ ಕೀಲುನೋವಿಗೆ ಪೊಟ್ಟಣದಲ್ಲಿ ಪುಡಿ ಮಾರುತ್ತಿದ್ದವರೊಬ್ಬರ ಮಾತನ್ನು ನಾನು ಸವಿಸ್ತಾರವಾಗಿ ಬರೆದುಕೊಂಡೆ. ಅವರು ಹೇಳಿದ ಏಳು ಬೇರುಗಳ ಹೆಸರನ್ನು 'ನಾಟಿ ಔಷಧ' ಎಂಬ ಶೀರ್ಷಿಕೆಯಡಿ ಪಟ್ಟಿಮಾಡಿದೆ. ಪುಡಿಯನ್ನು ಪರೀಕ್ಷೆಗೆ ಕಳುಹಿಸಬೇಕೆಂದು ತೋಚಲಿಲ್ಲ. ಸೊಂಟ ಹಿಡಿದಿದ್ದ ನನ್ನ ಸೋದರಮಾವನಿಗೂ ಅದೇ ಪೊಟ್ಟಣಗಳನ್ನು ತಂದುಕೊಟ್ಟೆ. ಮೂರನೆಯ ದಿನಕ್ಕೆ ಅವರು ಗದ್ದೆಗೆ ಇಳಿದರು. ಮನೆಮಂದಿ ನನ್ನನ್ನು ಹೊಗಳಿದರು. ವರ್ಷದೊಳಗೆ ಮುಖ ಊದಿಕೊಂಡಿತು, ಎರಡನೆಯ ವರ್ಷ ಎರಡೂ ಕಡೆಯ ತೊಡೆಮೂಳೆಯ ತಲೆ ಕುಸಿದಿತ್ತು. ಆ ಪುಡಿಯಲ್ಲಿ ಏನಿತ್ತೆಂದು ಸಾಬೀತುಪಡಿಸಲು ಪೊಟ್ಟಣವೊಂದೂ ಉಳಿದಿರಲಿಲ್ಲ. ಲಕ್ಷಣಗಳನ್ನು ನೋಡಿದ ವೈದ್ಯರು ಮಾತ್ರ ಮೊದಲು ಕೇಳಿದ್ದು ಪುಡಿ ತಿಂದಿದ್ದಿರಾ ಎಂದೇ. ಮಾವ ನನ್ನನ್ನು ಎಂದೂ ದೂರಲಿಲ್ಲ. ನನ್ನ ಮಹಾಪ್ರಬಂಧದ ಆ ಪುಟ ಮಾತ್ರ ಹಾಗೆಯೇ ಗ್ರಂಥಾಲಯದಲ್ಲಿದೆ.

ಇದರಿಂದ ನಾಟಿ ವೈದ್ಯವನ್ನೇ ಸಂದೇಹಿಸಬೇಕೆಂದು ನಾನು ಹೇಳುತ್ತಿಲ್ಲ. ತಲೆಮಾರುಗಳಿಂದ ಬಂದ ಮೂಳೆ ಕಟ್ಟುವವರ ಕೌಶಲಕ್ಕೂ ಅದರ ಹೆಸರನ್ನು ಹೊದ್ದು ಸಂತೆಗೆ ಬಂದ ಪೊಟ್ಟಣಕ್ಕೂ ವ್ಯತ್ಯಾಸವಿದೆ. ಆ ವ್ಯತ್ಯಾಸವನ್ನು ಗುರುತಿಸುವುದು ಸಂಗ್ರಾಹಕನ ಹೊಣೆ. ಬಹುದಿನಗಳಿಂದ ಇಂತಹ ಪುಡಿ ತಿನ್ನುತ್ತಿರುವವರು ಅದನ್ನು ಒಮ್ಮೆಲೇ ನಿಲ್ಲಿಸುವುದೂ ಅಪಾಯಕರ. ವೈದ್ಯರ ನಿಗಾದಲ್ಲಿಯೇ ಬಿಡಿಸಬೇಕು. ಕ್ಷೇತ್ರದಲ್ಲಿ ಇಂತಹವರನ್ನು ಕಂಡಾಗ ಈ ಮಾತನ್ನು ತಿಳಿಸುವುದು ವಸ್ತುನಿಷ್ಠತೆಗೆ ಭಂಗವಲ್ಲ.

ಹಂದಿಗೋಡು: ಊರಿನ ಹೆಸರು ಹೊತ್ತ ಕಾಯಿಲೆ

ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ 1975ರ ಸುಮಾರಿಗೆ ಸೊಂಟದ ನೋವಿನಿಂದ ಆರಂಭವಾಗಿ ಜನರನ್ನು ನಡೆಯಲಾಗದಂತೆ ಮಾಡುವ ಕಾಯಿಲೆಯೊಂದು ವೈದ್ಯರ ಗಮನಕ್ಕೆ ಬಂದಿತು. ಶಿವಮೊಗ್ಗ ಹಾಗೂ ಚಿಕ್ಕಮಗಳೂರು ಜಿಲ್ಲೆಗಳ ಹಲವು ಹಳ್ಳಿಗಳಲ್ಲಿ, ಮುಖ್ಯವಾಗಿ ಚಲುವಾದಿ ಮತ್ತು ಚನ್ನಂಗಿ ಎಂಬ ದಲಿತ ಸಮುದಾಯಗಳಲ್ಲಿ ಅದು ಕಂಡುಬಂದಿತು. 'ಮಲೆನಾಡಿನ ಸ್ಥಾನಿಕ ಕೌಟುಂಬಿಕ ಸಂಧಿವಾತ' ಎಂಬ ಅರ್ಥದ ಶಾಸ್ತ್ರೀಯ ಹೆಸರು ಅದಕ್ಕಿದ್ದರೂ ರೂಢಿಯಲ್ಲಿ ಉಳಿದುದು ಊರಿನ ಹೆಸರೇ. 1957ರಲ್ಲಿ ಕ್ಯಾಸನೂರಿಗೂ ಇದೇ ಗತಿಯಾಗಿತ್ತು. ಮಂಗನ ಕಾಯಿಲೆಯ ಶಾಸ್ತ್ರೀಯ ಹೆಸರಿನಲ್ಲಿ ಇಂದಿಗೂ ಆ ಕಾಡಿನ ಹೆಸರಿದೆ.

ಆರಂಭದ ವರ್ಷಗಳಲ್ಲಿ ಗದ್ದೆಗೆ ಸಿಂಪಡಿಸಿದ ಕೀಟನಾಶಕ ಹಾಗೂ ಆ ಗದ್ದೆಯ ಏಡಿ-ಮೀನುಗಳ ಸೇವನೆ ಕಾರಣವಿರಬಹುದೆಂಬ ಊಹೆ ಬಲವಾಗಿತ್ತು. ಊಹೆಯಾಗಿ ಅದು ಅಸಂಗತವಾಗಿರಲಿಲ್ಲ. ಆದರೆ ಜನರ ಬಾಯಲ್ಲಿ ಅದು ಬೇರೆ ರೂಪ ತಾಳಿತು: ಕೀಟನಾಶಕ ಹಿಂದೆ ಸರಿದು ಏಡಿ ಮುಂದೆ ಬಂದಿತು, ಸಿಂಪಡಿಸಿದ ಕೈ ಮರೆಯಾಗಿ ತಿಂದ ಬಾಯಿ ಉಳಿಯಿತು. ಏಡಿ ಮಲೆನಾಡಿನ ಬಡವರ ಆಹಾರ, ಶೀತಕ್ಕೆ ಮದ್ದು. ಅದನ್ನೇ ರೋಗದ ಮೂಲವಾಗಿಸುವ ಕಥನದಲ್ಲಿ ಆಹಾರದ ಮೇಲಿನ ಜಾತಿಯ ತೀರ್ಪೂ ಸೇರಿಕೊಂಡಿತೆಂಬುದನ್ನು ಜಾನಪದ ವಿದ್ವಾಂಸರು ಮರೆಯಲಾಗದು.

ಮುಂದಿನ ಅಧ್ಯಯನಗಳು ಬೇರೊಂದು ದಿಕ್ಕನ್ನು ತೋರಿದವು. 1994ರಲ್ಲಿ ಪ್ರಕಟವಾದ ಕ್ಷ-ಕಿರಣ ಅಧ್ಯಯನವು ಇದನ್ನು ಮೂಳೆ ಬೆಳೆಯುವ ತುದಿಗಳ ರಚನೆಯಲ್ಲಿಯೇ ಇರುವ, ಪ್ರಬಲ ಆನುವಂಶಿಕ ಕ್ರಮದಲ್ಲಿ ಬರುವ ದೋಷವೆಂದು ಗುರುತಿಸಿತು. ಕೆಲವರಲ್ಲಿ ಸೊಂಟವಷ್ಟೇ ಬಾಧಿತ. ಕೆಲವರಲ್ಲಿ ಬೆನ್ನೆಲುಬೂ ಸೇರಿ ಎತ್ತರ ಕುಂಠಿತ. ದಕ್ಷಿಣ ಆಫ್ರಿಕದ ಉತ್ತರ ಜೂಲೂ ಪ್ರದೇಶದ ಮ್ಸೆಲೆನಿ ಎಂಬಲ್ಲಿ 1970ರ ಸುಮಾರಿಗೆ ವರದಿಯಾದ ಸೊಂಟದ ರೋಗದೊಡನೆ ಇದನ್ನು ಹೋಲಿಸುವ ಅಧ್ಯಯನ 1997ರಲ್ಲಿ ಪ್ರಕಟವಾಯಿತು.

ಪ್ರಬಲ ಆನುವಂಶಿಕತೆ ಎಂದರೇನು ಎಂಬುದು ಇಲ್ಲಿ ಮುಖ್ಯ. ತಂದೆ ಅಥವಾ ತಾಯಿ ಒಬ್ಬರಲ್ಲಿ ಆ ಗುಣವಿದ್ದರೂ ಪ್ರತಿ ಮಗುವಿಗೆ ಅದು ಬರುವ ಸಂಭವ ಅರ್ಧದಷ್ಟು. ಇದಕ್ಕೆ ರಕ್ತಸಂಬಂಧದ ಮದುವೆ ಅಗತ್ಯವಿಲ್ಲ. ಸೋದರಿಕೆಯ ಮದುವೆಯಿಂದ ಕಾಯಿಲೆ ಹುಟ್ಟಿತೆಂಬ, ವಿದ್ಯಾವಂತರೂ ಆಡುವ ಮಾತು ಏಡಿಯ ಕಥೆಯಂತೆಯೇ ರೋಗಿಯ ಮೇಲೆ ತಪ್ಪು ಹೊರಿಸುವ ಇನ್ನೊಂದು ಕಥೆ. ಒಳಬಾಂಧವ್ಯದ ಮದುವೆಗಳು ಆ ಗುಣವನ್ನು ಸಮುದಾಯದ ಒಳಗೇ ಉಳಿಸಿರಬಹುದು, ಹುಟ್ಟಿಸಿದವಲ್ಲ. ಹಾಗೆಯೇ ಇದು ಅಂಟುರೋಗವೂ ಅಲ್ಲ.

ಹಾಗಾದರೆ ರೋಗನಿರೋಧಕ ವ್ಯವಸ್ಥೆಗೆ ಇಲ್ಲಿ ಸ್ಥಾನವೆಲ್ಲಿ? ಮೂಲಕಾರಣದಲ್ಲಿ ಅಲ್ಲ. ಹುಟ್ಟಿನಿಂದಲೇ ದೋಷವಿರುವ ಕೀಲಿನಲ್ಲಿ ಮೃದ್ವಸ್ಥಿ ಅಕಾಲದಲ್ಲಿ ಮುರಿದು ಅಸ್ಥಿಸಂಧಿವಾತ ಸೇರಿಕೊಳ್ಳುತ್ತದೆ. ಮುರಿದ ಮೃದ್ವಸ್ಥಿ ಎಲ್ಲಿದೆಯೋ ಅಲ್ಲಿ ಹಿಂದೆ ವಿವರಿಸಿದ ಉರಿಯ ಚಕ್ರಕ್ಕೆ ಅವಕಾಶವಿದೆ. ಮೂಲವನ್ನು ಬದಲಿಸಲಾಗದಿದ್ದರೂ ಈ ಎರಡನೆಯ ಹಂತದ ನೋವಿಗೆ ಚಿಕಿತ್ಸೆ, ಅಗತ್ಯವಿದ್ದವರಿಗೆ ಕೀಲುಬದಲಿ, ಕುಟುಂಬಗಳಿಗೆ ಗೌರವಪೂರ್ವಕ ಆನುವಂಶಿಕ ಸಲಹೆ ಸಾಧ್ಯ. ವಂಶದ ರೋಗ ಎಂಬ ಮಾತು ಏನೂ ಮಾಡಲಾಗದೆಂಬ ಅರ್ಥವನ್ನು ಪಡೆಯಬಾರದು.

ಉಪಸಂಹಾರ

ಒಟ್ಟಿನಲ್ಲಿ, 'ಸವೆತ' ಎಂಬ ರೂಪಕ ಸುಳ್ಳಲ್ಲ, ಅಪೂರ್ಣ. ಅದು ರೋಗವನ್ನು ವಯಸ್ಸಿಗೆ ಮತ್ತು ದುಡಿಮೆಗೆ ಒಪ್ಪಿಸಿ ಸುಮ್ಮನಾಗುತ್ತದೆ. 'ಉರಿ' ಎಂಬ ಮಾತು ಆ ಮೌನವನ್ನು ಮುರಿಯುತ್ತದೆ. ವೈದ್ಯಶಾಸ್ತ್ರಕ್ಕೆ ಕನ್ನಡ ಕಟ್ಟಿಕೊಟ್ಟ 'ಉರಿಯೂತ' ಎಂಬ ಪದದಲ್ಲಿ ಉರಿ ಮತ್ತು ಊತ ಎರಡೂ ಇವೆ. ಪ್ರಾಚೀನ ರೋಮಿನ ಸೆಲ್ಸಸ್ ಹೇಳಿದ ಕಾವು, ಕೆಂಪು, ಊತ, ನೋವು ಎಂಬ ನಾಲ್ಕು ಲಕ್ಷಣಗಳಲ್ಲಿ ಎರಡು ಅದರೊಳಗೇ ಅಡಗಿವೆ.

ಈ ಹಿನ್ನೆಲೆಯಲ್ಲಿ ಜನಪದ ವೈದ್ಯದ ಸಂಶೋಧಕರಿಗೆ ಮೂರು ಸೂಚನೆಗಳನ್ನು ಮಾಡಬಹುದು. ನೋವಿನ ಪದಗಳನ್ನು ಒಂದೇ ಶೀರ್ಷಿಕೆಗೆ ತುರುಕದೆ, ಹೊತ್ತು ಹಾಗೂ ಚಲನೆಯ ಸಂದರ್ಭದೊಡನೆ ದಾಖಲಿಸಬೇಕು. ಔಷಧಿಯ ಹೆಸರಿನೊಡನೆ ಅದರ ಮಾದರಿಯನ್ನೂ ಸಂಗ್ರಹಿಸಿ, ಪರೀಕ್ಷೆಯಾಗುವವರೆಗೆ ಕೊಟ್ಟವರ ಹೇಳಿಕೆಯನ್ನು ಹೇಳಿಕೆಯೆಂದೇ ಬರೆಯಬೇಕು. ರೋಗದ ಕಾರಣವನ್ನು ಹೇಳುವ ಕಥನ ಯಾರ ಮೇಲೆ ತಪ್ಪು ಹೊರಿಸುತ್ತಿದೆ ಎಂಬುದನ್ನು ಕಥನದೊಡನೆಯೇ ವಿವೇಚಿಸಬೇಕು. ಮೊದಲನೆಯದು ಜನರ ಅನುಭವಕ್ಕೆ, ಎರಡನೆಯದು ಅವರ ಆರೋಗ್ಯಕ್ಕೆ, ಮೂರನೆಯದು ಅವರ ಮಾನಕ್ಕೆ ಸಂಬಂಧಿಸಿದ್ದು. ಈ ಮೂರನ್ನೂ ಕಡೆಗಣಿಸಿದ ಸಂಗ್ರಹ ಎಷ್ಟು ದೊಡ್ಡದಾದರೂ, ನನ್ನ ಆ ಹಳೆಯ ಪುಟದಂತೆ, ತಿದ್ದುಪಡಿಯನ್ನು ಕಾಯುತ್ತಲೇ ಇರುತ್ತದೆ.